ಹನ್ನೆರಡು ಪೆಟ್ಟಿಗೆಯ ಭಾರ

ವ್ಯಾನು ಹನ್ನೆರಡು ಪೆಟ್ಟಿಗೆ ಇಳಿಸಿ ಹೋದಾಗ ಬೆಳಗಿನ ಹತ್ತು ಗಂಟೆ. ಹತ್ತೂಮುಕ್ಕಾಲಿಗೆ ಕಪಾಟು ಬಿತ್ತು.

ಏಳನೇ ಪೆಟ್ಟಿಗೆ ಇಡುವವರೆಗೂ ಅದು ಹೇಗೋ ತಡೆದುಕೊಂಡಿತ್ತು. ಎಂಟನೆಯದನ್ನು ಇಟ್ಟು ಟೈಲರು ಕೈ ತೆಗೆದನೋ ಇಲ್ಲವೋ, ಇಡೀ ಕಪಾಟು ಕುಡಿದವನ ಹಾಗೆ ಎಡಕ್ಕೆ ವಾಲಿತು. ಅವನು ಭುಜ ಕೊಟ್ಟ. ಹಲಗೆಯೊಳಗಿನ ಸ್ಕ್ರೂಗಳು ಮರದ ಪುಡಿಯ ಸಮೇತ ಕಿತ್ತು ಬಂದವು. ಒಂದು ಪೆಟ್ಟಿಗೆ ಅವನ ಅಕ್ಕನ ಕುರ್ಚಿಯ ಕಾಲಿನ ಪಕ್ಕಕ್ಕೇ ಬಿದ್ದು ಒಡೆಯಿತು. ಒಳಗಿದ್ದ ಎರಡು ಚೀಲ ಸೀಳಿ ನೀರು ನೆಲದ ಮೇಲೆ ಹರಿಯಿತು.

"ನಿನಗೇನೂ ಆಗ್ಲಿಲ್ಲ ತಾನೇ ಅಕ್ಕಾ?"

"ನನಗೇನಾಗುತ್ತೆ? ಮೊದಲು ಆ ಪೆಟ್ಟಿಗೆಗಳನ್ನ ನೆಲದಿಂದ ಎತ್ತೋ, ಒದ್ದೆಯಾಗ್ತವೆ!"

ಅಕ್ಕ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಕೂತವಳು. ಅಮ್ಮ ಹೋದಾಗ ಆರು ವರ್ಷದವನಾಗಿದ್ದ ತಮ್ಮನನ್ನು ಆ ಕೌಂಟರಿನ ಸಂಬಳದಲ್ಲೇ ಸಾಕಿದ್ದಳು. ಈಗ ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮೂರು ವರ್ಷ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಂಡು, ಸೂಜಿ ಚುಚ್ಚಲು ಕೈಯಲ್ಲಿ ಒಂದು ನರವೂ ಉಳಿದಿರಲಿಲ್ಲ. ಕೊನೆಗೆ ಡಾಕ್ಟರು ಹೊಟ್ಟೆಗೆ ಒಂದು ಪೈಪು ಕೂಡಿಸಿ, ಇನ್ನು ಮನೆಯಲ್ಲೇ ಮಾಡಿಕೊಳ್ಳಿ ಎಂದಿದ್ದರು. ದಿನಕ್ಕೆ ನಾಲ್ಕು ಸಲ ಎರಡು ಲೀಟರಿನ ಚೀಲದ ಔಷಧಿ ನೀರನ್ನು ಹೊಟ್ಟೆಗೆ ಹರಿಸಬೇಕು, ಹಳೆಯದನ್ನು ಹೊರಗೆ ತೆಗೆಯಬೇಕು. ಹದಿನೈದು ದಿನಕ್ಕೆ ಹನ್ನೆರಡು ಪೆಟ್ಟಿಗೆ. ಒಂದೊಂದೂ ಹನ್ನೆರಡು ಕಿಲೋ.

ಅವರದು ನೆಲಮಹಡಿಯ ಮನೆ, ಸದಾ ತೇವ ಏಳುವ ನೆಲ. ಹಿಂದಿನ ಸಲ ನೆಲದ ಮೇಲೆ ಪೇರಿಸಿದ್ದ ಪೆಟ್ಟಿಗೆಗಳಿಗೆ ಬೂಷ್ಟು ಹಿಡಿದಿತ್ತು. ಪರೀಕ್ಷೆಗೆ ಬಂದ ಸಿಸ್ಟರು ಅಷ್ಟನ್ನೂ ಎಸೆಯಿಸಿ, "ಇನ್ನೊಂದು ಸಲ ಹೀಗಿದ್ರೆ ಮನೇಲಿ ಮಾಡೋಕೆ ಬಿಡಲ್ಲ. ಸೋಂಕು ಹೊಟ್ಟೆಗೇ ಹೋಗುತ್ತೆ," ಎಂದು ಬರೆದುಕೊಂಡು ಹೋಗಿದ್ದಳು. ಕೈಯ ನರ ಹೋದ ಮೇಲೆ ಆಸ್ಪತ್ರೆಯಲ್ಲೂ ಆಗುತ್ತಿರಲಿಲ್ಲ. ಬೇರೆ ದಾರಿ ಇಲ್ಲವೆಂದು ಅಕ್ಕನಿಗೂ ಸಿಸ್ಟರಿಗೂ ಗೊತ್ತಿತ್ತು.

ಇವತ್ತು ನಾಲ್ಕು ಗಂಟೆಗೆ ಆ ಸಿಸ್ಟರು ಮತ್ತೆ ಬರುವವಳಿದ್ದಳು.

ಟೈಲರು ಪೆಟ್ಟಿಗೆಗಳನ್ನು ಅಕ್ಕನ ಮಂಚದ ಮೇಲೆ ಪೇರಿಸಿದ. ಅವಳಿಗೆ ಮಲಗಲು ಜಾಗ ಉಳಿಯಲಿಲ್ಲ. ಆಮೇಲೆ ಕಪಾಟಿನ ಜೊತೆ ಬಂದಿದ್ದ ಕಾಗದ ತೆಗೆದು ನೋಡಿದ. ಕೊನೆಯ ಸಾಲಿನಲ್ಲಿ ಸಣ್ಣಕ್ಷರದಲ್ಲಿತ್ತು: ಒಂದು ಹಲಗೆಗೆ ಹದಿನೈದು ಕಿಲೋ. ಅವನು ಇಡಲು ಹೊರಟಿದ್ದು ಮೂವತ್ತಾರು.

ಕಿತ್ತ ತೂತುಗಳಿಗೆ ಅಂಟು ತುಂಬಿ ಮತ್ತೆ ತಿರುಪಿದ. ನಿಲ್ಲಿಸಿ ಒಂದು ಬೆರಳಿನಿಂದ ತಳ್ಳಿದ. ಕಪಾಟು ತೊಟ್ಟಿಲಿನ ಹಾಗೆ ತೂಗಿತು. ಹಗ್ಗ ಕಟ್ಟಿದ, ಅದೂ ಸಡಿಲಾಯಿತು. ಗಡಿಯಾರ ಹನ್ನೆರಡೂಕಾಲು ತೋರಿಸುತ್ತಿತ್ತು.

"ಮೇಲಿನ ಮನೆಯವರನ್ನ ಕೇಳು," ಎಂದಳು ಅಕ್ಕ.

"ಬೇರೆ ಯಾರನ್ನಾದ್ರೂ ಕೇಳ್ತೀನಿ."

"ಬೇರೆ ಯಾರಿದ್ದಾರೆ?"

ಮೇಲಿನ ಮನೆಯಲ್ಲಿದ್ದವನು ಕೆಲಸ ಬಿಟ್ಟ ಬಡಗಿ. ಎರಡು ವರ್ಷದಿಂದ ಟೈಲರಿಗೂ ಅವನಿಗೂ ಮಾತಿರಲಿಲ್ಲ. ಮಗಳ ಮದುವೆಗೆ ಹೊಲಿಸಿದ ಪ್ಯಾಂಟಿನ ಸೊಂಟ ಬಿಗಿಯಾಯಿತೆಂದು ಬಡಗಿ ಬೀದಿಯಲ್ಲಿ ನಿಂತು ಕೂಗಾಡಿದ್ದ. "ಹೊಟ್ಟೆ ಒಳಗೆಳ್ಕೊಂಡು ಅಳತೆ ಕೊಟ್ರೆ ನಾನೇನು ಮಾಡ್ಲಿ?" ಎಂದು ಟೈಲರು ಅದಕ್ಕಿಂತ ಜೋರಾಗಿ ಹೇಳಿದ್ದ. ಬೀದಿಗೆ ಬೀದಿಯೇ ನಕ್ಕಿತ್ತು.

ಟೈಲರು ಮೆಟ್ಟಿಲು ಹತ್ತಿದ. ಬಡಗಿ ಬಾಗಿಲು ತೆರೆದ.

"ಮೇಸ್ತ್ರಿಗಳೇ, ತಪ್ಪು ನಂದೇ," ಎಂದ ಟೈಲರು. "ಪೆಟ್ಟಿಗೆ ಇಡೋ ಕಪಾಟು ಬಿತ್ತು. ನಾಲ್ಕಕ್ಕೆ ಸಿಸ್ಟರು ಬರೋದ್ರೊಳಗೆ ಅದು ನಿಲ್ಲದಿದ್ರೆ ಅಕ್ಕ ಉಳಿಯಲ್ಲ."

ಬಡಗಿ ಡ್ರಿಲ್ಲು, ಗರಗಸ, ಒಂದು ಡಬ್ಬಿ ಸ್ಕ್ರೂ ಹಿಡಿದು ಇಳಿದು ಬಂದ. ಕಪಾಟಿನ ಬೆನ್ನಿಗೆ ಅಂಟಿಸಿದ್ದ ರಟ್ಟನ್ನು ಉಗುರಿನಿಂದ ಮೀಟಿದ. ಅದು ಹಪ್ಪಳದ ಹಾಗೆ ಮುರಿಯಿತು.

"ಇದನ್ನ ಕಪಾಟು ಅಂತಾರೇನಯ್ಯಾ? ಇದು ಬಿಸ್ಕತ್ತು. ಚಹಾದಲ್ಲಿ ಅದ್ದಿ ತಿನ್ನಬಹುದು." ಅವನು ಮೊಣಕಾಲೂರಿ ಕೂತ. "ನೋಡು, ಇದಕ್ಕೆ ಬೆನ್ನಿಲ್ಲ, ಅದಕ್ಕೇ ವಾಲುತ್ತೆ. ಹಿಂದುಗಡೆ ಪೂರ್ತಿ ಗಟ್ಟಿ ಪ್ಲೈವುಡ್ ಹೊಡೀಬೇಕು. ಒಂದೊಂದು ಹಲಗೆ ಕೆಳಗೂ ಅಡ್ಡಪಟ್ಟಿ ಕೊಡಬೇಕು, ಇಲ್ಲಾಂದ್ರೆ ನಡುವೆ ಜಗ್ಗುತ್ತೆ. ಆಮೇಲೆ ಗೋಡೆಗೆ ಕಟ್ಟಬೇಕು. ಪ್ಲೈವುಡ್ ಇದೆಯಾ?"

"ತರ್ತೀನಿ."

"ಎಲ್ಲಿಂದ? ಇವತ್ತು ಅಂಗಡಿಗಳಿಗೆ ರಜೆ."

ಟೈಲರು ಮುಂದಿನ ಕೋಣೆಗೆ, ಅಂದರೆ ಅವನ ಅಂಗಡಿಗೆ ಹೋಗಿ, ಗೋಡೆಗೆ ಒರಗಿಸಿದ್ದ ಬಟ್ಟೆ ಕತ್ತರಿಸುವ ಹಲಗೆಯನ್ನು ತಂದ. ಆರಡಿ ಉದ್ದ, ಮೂರಡಿ ಅಗಲ, ಬೆರಳು ದಪ್ಪದ ಪ್ಲೈವುಡ್. ಎರಡು ಸ್ಟೂಲಿನ ಮೇಲೆ ಅದನ್ನು ಹಾಸಿಕೊಂಡು ಹತ್ತೊಂಬತ್ತು ವರ್ಷ ಅವನು ಬಟ್ಟೆ ಕತ್ತರಿಸಿದ್ದ. ಸೀಮೆಸುಣ್ಣ ಸವೆದು ಸವೆದು ಮೇಲ್ಮೈ ರೇಷ್ಮೆಯಷ್ಟು ನುಣುಪಾಗಿತ್ತು.

"ಅದು ಬೇಡ ಕಣೋ," ಎಂದಳು ಅಕ್ಕ. "ನಿನ್ನ ಅನ್ನ ಅದು."

"ಪೆಟ್ಟಿಗೆಗಳನ್ನ ಈ ಹಲಗೆ ಮೇಲೇ ಜೋಡಿಸಿದ್ರೆ?" ಎಂದ ಬಡಗಿ.

"ಈ ಕೋಣೇಲಿ ಹಾಸಿದ್ರೆ ಬಾಗಿಲು ತೆರೆಯಲ್ಲ. ಅಂಗಡೀಲಿ ಧೂಳು, ಸಿಸ್ಟರು ಒಪ್ಪಲ್ಲ. ಕೊಯ್ದುಬಿಡಿ ಮೇಸ್ತ್ರಿಗಳೇ."

"ಬೇಡ ಅಂದೆ!" ಅಕ್ಕ ಏಳಲು ಹೋದಳು, ಕುರ್ಚಿಯ ಕೈ ಹಿಡಿದು ಕುಸಿದಳು. "ನಾನು ಎಷ್ಟು ದಿನ ಇರ್ತೀನೋ. ನೀನು ಆಮೇಲೆ ಏನು ಮಾಡ್ತೀಯ?"

"ಆ ಮಾತು ಆಡಬೇಡ ಅಕ್ಕಾ." ಅವನು ಬಡಗಿಯ ಕಡೆ ತಿರುಗಿದ. "ಕೊಯ್ಯಿರಿ."

ಬಡಗಿ ಅಕ್ಕನ ಮುಖ ನೋಡಲಿಲ್ಲ. ಪೆನ್ಸಿಲಿನಿಂದ ಗೆರೆ ಎಳೆದು ಗರಗಸ ಇಟ್ಟ. ಮೊದಲ ಸದ್ದಿಗೆ ಟೈಲರು ಇನ್ನೊಂದು ತುದಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದ. ಐದಡಿಯ ತುಂಡು ಬೆನ್ನಾಯಿತು. ಉಳಿದ ಒಂದಡಿಯನ್ನು ಸೀಳಿ ಅಡ್ಡಪಟ್ಟಿ ಮಾಡಿದರು.

"ಅಂಟು ಒಣಗೋಕೆ ಒಂದು ದಿನ ಬೇಕು. ಇವತ್ತಿನ ಮಟ್ಟಿಗೆ ಸ್ಕ್ರೂನೇ ಗತಿ," ಎಂದು ಬಡಗಿ ಗೇಣಿಗೊಂದು ಸ್ಕ್ರೂ ಹೊಡೆದ. ಕಪಾಟಿನ ಕಾಲುಗಳ ಕೆಳಗೆ ನಾಲ್ಕು ಇಟ್ಟಿಗೆ ಇಟ್ಟು ತೇವದಿಂದ ಮೇಲೆತ್ತಿದರು. ಮೂರು ಗಂಟೆಯಾಗಿತ್ತು.

ಗೋಡೆ ಮಾತ್ರ ಕೈಕೊಟ್ಟಿತು. ಡ್ರಿಲ್ಲು ಇಟ್ಟಲ್ಲೆಲ್ಲ ಒದ್ದೆ ಗಾರೆ ಹಿಟ್ಟಿನಂತೆ ಉದುರಿತು. ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿದರೆ ಅದು ಸುಮ್ಮನೆ ಸುತ್ತಿತು. ಒಂದು ತೂತು, ಎರಡು, ಮೂರು. ಟೈಲರು ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟ.

"ಆಗಲ್ಲ ಬಿಡಿ," ಎಂದ. "ಆಗಲ್ಲ."

"ಅಳೋದಿದ್ರೆ ಆಮೇಲೆ ಅಳು. ಈಗ ಗೋಡೆ ತಟ್ಟು. ಎಲ್ಲಿ ಗಟ್ಟಿ ಸದ್ದು ಬರುತ್ತೋ ಹೇಳು."

ಟೈಲರು ಗೆಣ್ಣಿನಿಂದ ತಟ್ಟುತ್ತಾ ಹೋದ. ಬಾಗಿಲ ಕಡೆಯ ಮೂಲೆಯಲ್ಲಿ, ಭುಜದೆತ್ತರಕ್ಕೆ, ಸದ್ದು ಬದಲಾಯಿತು. ಅಲ್ಲಿ ಕಾಂಕ್ರೀಟು ಕಂಬವಿತ್ತು. ಡ್ರಿಲ್ಲು ಕಿರುಚಿತು, ಬೂದಿ ಬಣ್ಣದ ಪುಡಿ ಬಂತು. ಕಪಾಟನ್ನು ಆ ಮೂಲೆಗೆ ಎಳೆದು ಎಲ್ ಆಕಾರದ ಒಂದು ಕಬ್ಬಿಣದ ಪಟ್ಟಿ ಬಿಗಿದರು. ಎರಡನೆಯದಕ್ಕೆ ತೂತು ಕೊರೆಯುವಾಗ ಬಾಗಿಲು ತಟ್ಟಿದ ಸದ್ದಾಯಿತು. ಮೂರೂವರೆ. ಸಿಸ್ಟರು ಅರ್ಧ ಗಂಟೆ ಮೊದಲೇ ಬಂದಿದ್ದಳು.

ನೆಲದ ತುಂಬ ಮರದ ಪುಡಿ, ಮಂಚದ ಮೇಲೆ ಪೆಟ್ಟಿಗೆ, ಕುರ್ಚಿಯಲ್ಲಿ ಬೆವೆತ ಅಕ್ಕ. ಸಿಸ್ಟರು ಹೊಸ್ತಿಲಲ್ಲೇ ನಿಂತಳು.

"ಇದೇನಿದು? ಇಂಥಾ ಧೂಳಲ್ಲಿ ಹೊಟ್ಟೆ ಪೈಪಿಗೆ ಚೀಲ ಹಾಕ್ತೀರಾ?"

"ಹತ್ತು ನಿಮಿಷ ಕೊಡಿ ಸಿಸ್ಟರ್," ಎಂದ ಟೈಲರು. ಅವನು ಕೈ ಮುಗಿದಿದ್ದನ್ನು ನೋಡಿ ಅಕ್ಕ ಮುಖ ತಿರುಗಿಸಿದಳು.

"ಹತ್ತು ನಿಮಿಷ ಕೂತ್ಕೋ ತಾಯಿ," ಎಂದು ಬಡಗಿ ಅಂಗಡಿಯ ಸ್ಟೂಲೊಂದನ್ನು ಅವಳ ಕಡೆ ತಳ್ಳಿದ. "ನಾನು ನಲವತ್ತು ವರ್ಷ ಇದೇ ಕೆಲಸ ಮಾಡಿದ್ದೀನಿ. ಇದು ಬಿದ್ರೆ ನನ್ನ ಮೇಲೇ ಬೀಳಲಿ."

ಸಿಸ್ಟರು ಕೂರಲಿಲ್ಲ, ಹೋಗಲೂ ಇಲ್ಲ. ಬಡಗಿ ಎರಡನೆಯ ಪಟ್ಟಿ ಬಿಗಿದ ಮೇಲೆ ಟೈಲರು ಒದ್ದೆ ಬಟ್ಟೆಯಿಂದ ಕಪಾಟು, ಗೋಡೆ, ನೆಲ ಎಲ್ಲ ಒರೆಸಿದ. ಆಮೇಲೆ ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿಟ್ಟ. ಎಂಟನೆಯದನ್ನು ಇಟ್ಟಾಗ ಕೋಣೆಯಲ್ಲಿ ಯಾರೂ ಉಸಿರಾಡಲಿಲ್ಲ. ಒಂಬತ್ತು. ಹತ್ತು. ಹನ್ನೊಂದು. ಬೆಳಿಗ್ಗೆ ಒಡೆದ ಹನ್ನೆರಡನೆಯದನ್ನು ಸಿಸ್ಟರು ಪಕ್ಕಕ್ಕಿಡಿಸಿದಳು; ತಳ ಒದ್ದೆಯಾಗಿದ್ದ ಇನ್ನೊಂದನ್ನೂ ತೆಗೆಯಿಸಿದಳು. ಆಮೇಲೆ ಎರಡೂ ಕೈಯಿಂದ ಕಪಾಟನ್ನು ಹಿಡಿದು ಬಲವಾಗಿ ಅಲುಗಿಸಿದಳು. ಅದು ಅಲುಗಲಿಲ್ಲ.

"ಎರಡು ಪೆಟ್ಟಿಗೆ ಕಳಿಸೋಕೆ ಹೇಳ್ತೀನಿ," ಎಂದು ಕಾಗದದಲ್ಲಿ ಗೀಚಿದಳು. "ಈ ತಿಂಗಳ ಮಟ್ಟಿಗೆ ಸರಿ. ಮುಂದಿನ ತಿಂಗಳು ಮತ್ತೆ ನೋಡ್ತೀನಿ. ಇವತ್ತಿನ ಚೀಲ ಮಾತ್ರ ಈ ಧೂಳು ಪೂರ್ತಿ ಇಳಿದ ಮೇಲೆ, ಬಾಗಿಲು ಮುಚ್ಚಿ, ಕೈ ಚೆನ್ನಾಗಿ ತೊಳ್ಕೊಂಡು ಹಾಕಿ."

ಅವಳು ಹೋದ ಮೇಲೆ ಬಡಗಿಯೂ ಡ್ರಿಲ್ಲು ಎತ್ತಿಕೊಂಡು ಹೊರಟ. ಟೈಲರು ಏನೋ ಹೇಳಲು ಬಾಯಿ ತೆರೆದ. "ಸಾಕು, ಅಕ್ಕನ್ನ ಮಲಗಿಸು," ಎಂದು ಅವನು ಮೆಟ್ಟಿಲು ಹತ್ತಿಬಿಟ್ಟ.

ಮಾರನೇ ದಿನ ಬೆಳಿಗ್ಗೆ ಟೈಲರು ಕತ್ತರಿಸದೆ ಉಳಿದಿದ್ದ ಗಿರಾಕಿಗಳ ಬಟ್ಟೆಗಳನ್ನು ಮಡಿಸಿ, ಪಕ್ಕದ ಬೀದಿಯ ಟೈಲರಿಗೆ ಕೊಟ್ಟು ಬಂದ. ಇನ್ನು ಹಲಗೆ ಬೇಡದ ಕೆಲಸ ಹಳೆ ಬಟ್ಟೆ ಸರಿಪಡಿಸುವುದೊಂದೇ. ಒಂದು ರಟ್ಟಿನ ತುಂಡಿನ ಮೇಲೆ "ಆಲ್ಟರೇಶನ್ ಮಾತ್ರ" ಎಂದು ಬರೆದು ಅಂಗಡಿಯ ಮುಂದೆ ನೇತುಹಾಕಲು ಹೊರಟ.

ಹೊಟ್ಟೆಗೆ ನೀರು ಇಳಿಸಿಕೊಳ್ಳುತ್ತಿದ್ದ ಅಕ್ಕ ಮಂಚದಿಂದಲೇ ಕತ್ತು ಎತ್ತಿ ನೋಡಿದಳು. ಅವಳ ಕಣ್ಣು ತುಂಬಿತ್ತು.

"ಅಕ್ಷರ ಇನ್ನೂ ದಪ್ಪ ಬರಿಯೋ," ಎಂದಳು. "ರಸ್ತೆಗೆ ಕಾಣಬೇಡ್ವಾ?"

ಅವನು ವಾಪಸ್ ಬಂದು ಅವಳ ಪಕ್ಕದಲ್ಲಿ ಕೂತು ಅಕ್ಷರಗಳನ್ನು ದಪ್ಪ ಮಾಡತೊಡಗಿದ.