ಕೂಗದ ಡಬ್ಬಿ

ಶಿಡ್ಲಘಟ್ಟದ ಸುತ್ತಲಿನ ರೇಷ್ಮೆ ಹುಳುಮನೆಗಳಿಗಾಗಿ ನನ್ನ ತಂಗಿ ಮಹತಿ ಒಂದು ತಂತ್ರಾಂಶ ಬರೆದಿದ್ದಳು. ಗೋಡೆಗೆ ಹಾಕಿದ ಪುಟ್ಟ ಡಬ್ಬಿ, ಸೆಕೆ ಹೆಚ್ಚಾದರೆ ಮನೆಯವರ ಫೋನಿನಲ್ಲಿ ಕೂಗುತ್ತಿತ್ತು. ಎಲ್ಲವೂ ಪುಕ್ಕಟೆ, ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಬಳಸುವವರಿಂದ ಅವಳು ಕೇಳಿದ್ದು ಒಂದೇ, ಕೆಟ್ಟರೆ ತಿಳಿಸಿ ಎಂದು. ಅದಕ್ಕೆಂದೇ ಪರದೆಯಲ್ಲಿ ಕೆಂಪು ಗುಂಡಿ ಇಟ್ಟಿದ್ದಳು.

ಯುಗಾದಿ ಕಳೆದರೂ ಯಾರೂ ಅದನ್ನು ಒತ್ತಲಿಲ್ಲ.

"ಒಂದು ದೂರೂ ಬಂದಿಲ್ಲ ಅಂದ್ರೆ ಯಾರೂ ಬಳಸ್ತಿಲ್ಲ ಕಣಕ್ಕ. ಮುಚ್ಚಿಬಿಡ್ತೀನಿ."

ಒಂದು ಮನೆಯನ್ನಾದರೂ ನೋಡಿ ಬರೋಣವೆಂದು ನಾನೇ ಅವಳನ್ನು, ಡಬ್ಬಿ ಹಾಕಿಸಿಕೊಂಡಿದ್ದ ವೆಂಕಟಲಕ್ಷ್ಮಮ್ಮನವರ ಮನೆಗೆ ಕರೆದೊಯ್ದೆ.

"ಡಬ್ಬಿ ಹೆಂಗಿದೆ ಅಮ್ಮ?" ಎಂದಳು ಮಹತಿ.

"ಬಂಗಾರದಂಗಿದೆ ಕಣಮ್ಮ. ಕೂತ್ಕೊ, ಕಾಫಿ ತರ್ತೀನಿ."

ಮಹತಿಯ ಮುಖ ಅರಳಿತು. ನನ್ನ ಕಣ್ಣು ಒಳಗಿನ ಹುಳುಮನೆಯತ್ತ ಹೋಯಿತು. ಡಬ್ಬಿಗೆ ಅರಿಶಿನ ಕುಂಕುಮ ಇಟ್ಟಿದ್ದರು. ಅದರ ಕೆಳಗೆ ಹುಳು ಸಾಕುವ ತಟ್ಟೆಗಳನ್ನು ತೊಳೆದು ಬೋರಲು ಹಾಕಿದ್ದರು. ಸೊಪ್ಪು ಮೇಯುವ ಸದ್ದೇ ಇರಲಿಲ್ಲ.

"ಹುಳ ಎಲ್ಲಮ್ಮ?" ಎಂದೆ.

"ತಿಪ್ಪೇಲಿ," ಎಂದಳು ಬಾಗಿಲಲ್ಲಿ ನಿಂತಿದ್ದ ಸೊಸೆ ಪವಿತ್ರ. "ಸೆಕೆಯಾದ್ರೆ ಡಬ್ಬಿ ಕೂಗ್ತದಲ್ಲ ಅಂತ ಚಿಂತಾಮಣಿಗೆ ಮದುವೆಗೆ ಹೋದ್ವಿ. ಅದು ಬಾಯೇ ಬಿಡ್ಲಿಲ್ಲ."

"ಸುಮ್ನಿರೇ! ಬಂದೋರ ಮುಂದೆ..."

"ಯಾಕತ್ತೆ ಸುಮ್ನಿರ್ಬೇಕು? ಶಿವರಾತ್ರೀಲಿ ಫೋನಿಗೆ ಹೊಸದು ಬಂತಲ್ಲ, ಆವತ್ತೇ ಪಕ್ಕದ್ಮನೆ ಮುನಿಶಾಮಮ್ಮನೋರ ಡಬ್ಬಿ ನಿಂತಿತ್ತಂತೆ. ಅವರು ಥರ್ಮಾಮೀಟರ್ ತಂದ್ಕೊಂಡ್ರು, ಯಾರಿಗೂ ಹೇಳ್ದೆ ಸುಮ್ನಾದ್ರು."

ಆ ಹೊಸ ಆವೃತ್ತಿಯನ್ನು ಕಳಿಸಿದವಳು ಮಹತಿಯೇ.

"ಅವರಾದ್ರೂ ಗುಂಡಿ ಒತ್ತಬಾರದಾಗಿತ್ತಾ?" ಎಂದಳು ಅವಳು. "ನೀವಾದ್ರೂ..."

"ಹೆಂಗೆ ಒತ್ತೋದು ತಾಯಿ?" ವೆಂಕಟಲಕ್ಷ್ಮಮ್ಮ ಕಾಫಿ ಲೋಟ ಅವಳ ಕೈಗಿಟ್ಟರು. "ಕಾಸು ಮುಟ್ಟದೆ ಮಾಡಿಕೊಟ್ಟ ಮಗುಗೆ, ನೀನು ಮಾಡಿದ್ದು ಸರಿಯಿಲ್ಲ ಅಂತ ಹೇಳಕ್ಕೆ ಬಾಯಿ ಬರುತ್ತಾ?"

"ಹೇಳಿದ್ರೆ ಅವತ್ತೇ ಸರಿ ಮಾಡ್ತಿದ್ದೆ. ಬೈಯಿರಿ ಅಮ್ಮ ನನ್ನ. ಈಗ್ಲಾದ್ರೂ ಬೈಯಿರಿ."

ಅವರು ಬೈಯಲಿಲ್ಲ. ಹೊರಡುವಾಗ ಕುಂಕುಮ ಹಚ್ಚಿ, ಎಲೆ ಅಡಿಕೆಯ ಜೊತೆ ರವಿಕೆ ಕಣವಿಟ್ಟು ಕೊಟ್ಟರು. ಡಬ್ಬಿ ತೆಗೆಯಲು ಹೋದ ಮಹತಿಯ ಕೈ ಹಿಡಿದು, "ಇರ್ಲಿ ಬಿಡಮ್ಮ, ಗೋಡೆಗೆ ಲಕ್ಷಣವಾಗಿದೆ," ಎಂದರು.

ಬಸ್ಸು ಊರು ದಾಟಿದ ಮೇಲೆ ಮಹತಿ ಫೋನ್ ತೆಗೆದಳು. ತಂತ್ರಾಂಶವನ್ನೇ ಮುಚ್ಚುತ್ತಾಳೇನೋ ಎಂದು ನಾನು ಬಗ್ಗಿ ನೋಡಿದೆ. ಅವಳು ಕೆಂಪು ಗುಂಡಿ ಒತ್ತಿ, ವೆಂಕಟಲಕ್ಷ್ಮಮ್ಮನವರ ಪರವಾಗಿ ಬರೆಯುತ್ತಿದ್ದಳು: "ಡಬ್ಬಿ ಕೂಗಲಿಲ್ಲ. ನಮ್ಮ ಹುಳುಗಳೆಲ್ಲ ಸತ್ತವು."

ಕಳಿಸಿದಳು. ದೂರು ಬಂದ ಸದ್ದು ಅವಳದೇ ಕೈಯಲ್ಲಿದ್ದ ಫೋನಿನಲ್ಲಿ ಕೇಳಿಸಿತು.