ಸರಾಗವಾಗಿ ಓದುತ್ತಾಳೆ

ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಹೆಂಗಸು ಮಗಳನ್ನು ಎಳೆದುಕೊಂಡು ಐದನೇ ತರಗತಿಯ ಬಾಗಿಲಿಗೆ ಬಂದಾಗ ಶಾಲೆ ಬಿಟ್ಟು ಹತ್ತು ನಿಮಿಷವಾಗಿತ್ತು. ಟೀಚರು ಮೇಜಿನ ತುಂಬ ಸಮೀಕ್ಷೆಯ ಫಾರಂ ಹರಡಿಕೊಂಡು, ಯಾವ ಬೀದಿಯಲ್ಲಿ ಎಷ್ಟು ನಲ್ಲಿ, ಎಷ್ಟು ನಾಯಿ ಎಂದು ಕೂಡಿಸುತ್ತಿದ್ದರು. ನಲ್ಲಿಗಳು ಹೇಗೋ ಸರಿಹೋಗಿದ್ದವು. ನಾಯಿಗಳು ಮಾತ್ರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಅವು ಒಂದು ಕಡೆ ನಿಂತರೆ ತಾನೇ?

"ಟೀಚರ್, ಇವಳ ಹೆಸರು ಶಾಲೆಯಿಂದ ಹೊಡೆದುಹಾಕಿಬಿಡಿ," ಎಂದಳು ತಾಯಿ. "ನಾಳೆಯಿಂದ ನನ್ನ ಜೊತೆ ಗುಂಡಿ ಹಚ್ಚೋಕೆ ಬರ್ತಾಳೆ."

ಟೀಚರು ಪೆನ್ನು ಕೆಳಗಿಟ್ಟರು. ಹುಡುಗಿಗೆ ಶಾಲೆಯಲ್ಲಿ ಪಟಪಟಿ ಎಂದೇ ಹೆಸರು. ಪಾಠ ಓದಲು ಎಬ್ಬಿಸಿ ನಿಲ್ಲಿಸಿದರೆ ಉಸಿರು ಬಿಡದೆ ಕೊನೆಯ ಸಾಲಿನವರೆಗೆ ಓಡಿಬಿಡುವವಳು. ಇವತ್ತು ಅವಳ ಬಾಯಿಗೆ ಬೀಗ ಬಿದ್ದಿತ್ತು. ಕೆನ್ನೆಯ ಮೇಲೆ ಬೆರಳಿನ ಗುರುತು ಇನ್ನೂ ಕೆಂಪಗಿತ್ತು.

"ಏನಾಯ್ತಮ್ಮ?"

"ನಮ್ಮತ್ತೆ ಆಸ್ಪತ್ರೇಲಿ ಮಲಗಿದ್ದಾರೆ. ಸಕ್ಕರೆ ಕಾಯಿಲೆಗೆ ಹೊಸ ಮಾತ್ರೆ ಬರೆದಿದ್ರು. ಔಷಧಿ ಅಂಗಡಿಯವನು ಕವರ್ ಮೇಲೆ ದಪ್ಪಕ್ಷರದಲ್ಲಿ ಬರೆದೇ ಕೊಟ್ಟ. ನನಗೆ ಅಕ್ಷರ ಬರಲ್ಲ, ಇವಳಪ್ಪನಿಗೂ ಅಷ್ಟೇ. ಇವಳ ಕೈಗೆ ಕೊಟ್ವಿ. ಬೆಳಿಗ್ಗೆ ಎರಡು, ಸಂಜೆ ಎರಡು ಅಂತ ಓದಿದ್ಲು. ಹಾಗೇ ನುಂಗಿಸಿದ್ವಿ. ಮಾರನೇ ದಿನ ಅತ್ತೆ ಕೂತಲ್ಲೇ ಕುಸಿದುಬಿದ್ರು. ಡಾಕ್ಟರು ಆ ಕವರನ್ನ ನನ್ನ ಮುಖಕ್ಕೆ ಹಿಡಿದು ಬೈದ್ರು. ದಿನಕ್ಕೆ ಬರೀ ಅರ್ಧ ಅಂತೆ ಅದರಲ್ಲಿರೋದು!"

"ಈಗ ಹೇಗಿದ್ದಾರೆ?"

"ಕಣ್ಣು ಬಿಟ್ಟಿದ್ದಾರೆ." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಓದೋಕೆ ಬರದೇ ಇದ್ದಿದ್ರೆ ಬೇರೆ ಮಾತು. ನೀವೇ ಮಾರ್ಕ್ಸ್ ಕಾರ್ಡಲ್ಲಿ ಬರೆದಿದ್ದೀರ, ಸರಾಗವಾಗಿ ಓದುತ್ತಾಳೆ ಅಂತ. ಆ ಕಾರ್ಡನ್ನ ಕಾರ್ಖಾನೆಯ ಮೇಸ್ತ್ರಿ ಹತ್ರ ಒಂದಲ್ಲ, ಮೂರು ಸಲ ಓದಿಸಿ ಕೇಳಿದ್ದೀನಿ. ಓದು ಬಂದೂ ಹೀಗೆ ಮಾಡಿದ್ಲು ಅಂದ್ರೆ ಅದು ಕೊಬ್ಬು ತಾನೇ? ಅಷ್ಟು ಕಷ್ಟಪಟ್ಟು ಕಲಿಸಿದ ನಿಮ್ಮ ಹೆಸರಿಗೂ ಮಸಿ ಬಳಿದ್ಲು. ಕ್ಷಮಿಸಿಬಿಡಿ ಟೀಚರ್."

ಟೀಚರಿಗೆ ಮೈಮೇಲೆ ತಣ್ಣೀರು ಸುರಿದಂತಾಯಿತು. ಆದರೂ ಬಾಯಿಂದ ಹೊರಬಿದ್ದ ಮೊದಲ ಮಾತು ಏನು ಗೊತ್ತೇ? "ಹ್ಞೂ... ಸ್ವಲ್ಪ ಗಮನ ಕಡಿಮೆ ಅವಳಿಗೆ."

ಹುಡುಗಿ ತಲೆಯೆತ್ತಿ ಅವರನ್ನು ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ. ಟೀಚರು ಹೇಳಿದ ಮೇಲೆ ಅದು ನಿಜವೇ ಇರಬೇಕು ಎಂದು ಒಪ್ಪಿಕೊಂಡ ಹಾಗಿತ್ತು. ಟೀಚರಿಗೆ ತಮ್ಮ ನಾಲಿಗೆಯ ಮೇಲೇ ಹೇಸಿಗೆಯಾಯಿತು.

ಆ ಕಾರ್ಡಿನಲ್ಲಿದ್ದದ್ದು ಎರಡೇ ಪದ, ಆದರೆ ಅದರ ಹಿಂದೆ ದೊಡ್ಡ ಕತೆಯೇ ಇತ್ತು. ನಾಲ್ಕು ಮತ್ತು ಐದನೇ ತರಗತಿ ಒಂದೇ ಕೋಣೆಯಲ್ಲಿ, ಅರವತ್ತೊಂದು ಮಕ್ಕಳು, ಬೋರ್ಡಿನ ನಡುವೆ ಗೆರೆ ಎಳೆದು ಆ ಕಡೆ ಅವರಿಗೆ, ಈ ಕಡೆ ಇವರಿಗೆ. ಒಂದು ವರ್ಷ ಟೀಚರು ಧೈರ್ಯ ಮಾಡಿ ಹತ್ತೊಂಬತ್ತು ಮಕ್ಕಳ ಹೆಸರಿನ ಮುಂದೆ 'ಓದಲು ಬರುವುದಿಲ್ಲ' ಎಂದು ನಿಜವನ್ನೇ ಬರೆದಿದ್ದರು. ಹೆಡ್‌ಮಾಸ್ಟರು ತಲೆಮೇಲೆ ಕೈಹೊತ್ತು ಕೂತರು. "ಯಾಕೆ ಬರಲ್ಲ ಅಂತ ಒಂದು ಫಾರಂ, ಯಾವಾಗ ಬರುತ್ತೆ ಅಂತ ಇನ್ನೊಂದು ಫಾರಂ, ಒಬ್ಬೊಬ್ಬರದೂ ಫೋಟೋ. ತುಂಬೋರು ಯಾರು ಮೇಡಂ, ನಾನಾ?" ಹತ್ತೊಂಬತ್ತು ಮಕ್ಕಳ ಫಾರಂ ತುಂಬುವುದರಲ್ಲಿ ಒಂದೂವರೆ ತಿಂಗಳು ಹೋಯಿತು. ಅಷ್ಟರಲ್ಲಿ ಓದು ಬರುತ್ತಿದ್ದ ಮಕ್ಕಳೂ ಮರೆತು ಕೂತಿದ್ದರು. ಮುಂದಿನ ವರ್ಷದಿಂದ ಇಡೀ ತರಗತಿ ಒಂದೇ ಮಧ್ಯಾಹ್ನದಲ್ಲಿ ಸರಾಗವಾಗಿ ಓದಲು ಕಲಿತುಬಿಡುತ್ತಿತ್ತು, ರಿಜಿಸ್ಟರಿನಲ್ಲಿ. ಮೇಲಿನವರಿಂದ ಶಾಲೆಗೆ ಶಹಭಾಸ್‌ಗಿರಿಯೂ ಬಂತು. ಟೀಚರು ಅದನ್ನು ಬೇಡವೆನ್ನಲಿಲ್ಲ.

ಇದೆಲ್ಲ ಕಾರಣವೇ ಹೊರತು ಸಮರ್ಥನೆಯಲ್ಲ ಎಂದು ಅವರಿಗೂ ಗೊತ್ತಿತ್ತು. ಸುಮ್ಮನಿದ್ದರೆ ಈ ಹುಡುಗಿ ನಾಳೆಯಿಂದ ಗುಂಡಿ ಹಚ್ಚುತ್ತಾಳೆ, ಅಜ್ಜಿಯನ್ನು ಸಾಯಿಸಹೊರಟವಳು ಎಂಬ ಹೆಸರನ್ನು ಬದುಕಿಡೀ ಹೊರುತ್ತಾಳೆ.

"ಅವಳ ತಪ್ಪಿಲ್ಲಮ್ಮ," ಎಂದರು ಕಷ್ಟಪಟ್ಟು. "ಅವಳಿಗೆ ಓದೋಕೇ ಬರಲ್ಲ. ಕಾರ್ಡಲ್ಲಿ ನಾನೇ ಸುಳ್ಳು ಬರೆದೆ."

ಹೇಳಿ ಮುಗಿಸಿ, ಬೈಗುಳಕ್ಕೆ ಸಿದ್ಧರಾಗಿ ಕೂತರು. ತಾಯಿಯ ಕಣ್ಣಲ್ಲಿ ನೀರು ತುಂಬಿತು. ಅವಳು ಮಗಳ ಕಡೆ ತಿರುಗಿದಳು.

"ನೋಡಿದ್ಯೇನೇ? ನಿನ್ನ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದಾರೆ. ಎಂಥಾ ದೊಡ್ಡ ಮನಸ್ಸು! ತಪ್ಪಾಯ್ತು ಅಂತ ಕೇಳ್ಕೋ."

"ತಪ್ಪಾಯ್ತು ಟೀಚರ್," ಎಂದಳು ಹುಡುಗಿ.

ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಟೀಚರಿಗೆ. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದರೇನೋ, ಈ ಮರ್ಯಾದೆಯನ್ನು ತಡೆದುಕೊಳ್ಳಲಾಗಲಿಲ್ಲ. "ಆ ಕವರ್ ಇದ್ಯಾ?" ಎಂದು ಕೈಚಾಚಿದರು. ತಾಯಿ ಚೀಲದಿಂದ ತೆಗೆದುಕೊಟ್ಟಳು. 'ಬೆಳಿಗ್ಗೆ ಅರ್ಧ. ಸಂಜೆ ಬೇಡ.' ನಾಲ್ಕೇ ಪದ. ಟೀಚರು ಅದನ್ನು ನಲ್ಲಿ, ನಾಯಿಗಳ ಫಾರಂ ಮೇಲೆಯೇ ಇಟ್ಟು ಹುಡುಗಿಯನ್ನು ಹತ್ತಿರ ಕರೆದರು.

"ಓದು ಪುಟ್ಟಾ. ಯಾರೂ ಬೈಯಲ್ಲ."

ಹುಡುಗಿ ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ಉಳಿಯಿತು, ಕಣ್ಣು ಮಾತ್ರ ಮೇಲೆದ್ದು ಟೀಚರ ತುಟಿಗೆ ಅಂಟಿಕೊಂಡಿತು. ಕಾದಳು. ಇನ್ನೂ ಕಾದಳು. ಕೊನೆಗೆ ಪಿಸುಗುಟ್ಟಿದಳು:

"ಮೊದಲನೇ ಪದ ಹೇಳಿ ಟೀಚರ್. ಆಮೇಲೆ ನಾನು ಹೇಳ್ತೀನಿ."

ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರು ಬಂದಾಗ ನಡೆಯುತ್ತಿದ್ದದ್ದು ಅದೇ. ಮಗು ಪುಸ್ತಕ ಹಿಡಿದು ನಿಲ್ಲುತ್ತಿತ್ತು; ಟೀಚರು ಸಾಹೇಬರ ಬೆನ್ನ ಹಿಂದಿನಿಂದ ಪಾಠದ ಮೊದಲ ಪದ ತುಟಿಯಲ್ಲೇ ಆಡಿಸುತ್ತಿದ್ದರು; ಉಳಿದದ್ದು ಬಾಯಿಪಾಠ. ಓದು ಎಂದರೆ ಇದೇ ಎಂದು ಆ ಹುಡುಗಿ ನಂಬಿದ್ದಳು.

"ಮತ್ತೆ ಅವತ್ತು ಮನೇಲಿ?" ಎಂದಳು ತಾಯಿ.

"ಮೊದಲನೇ ಪದ ಹೇಳೋಕೆ ಯಾರೂ ಇರ್ಲಿಲ್ವಲ್ಲಮ್ಮ. ಎಲ್ಲರೂ ನನ್ನನ್ನೇ ನೋಡ್ತಿದ್ರಿ."

ತಾಯಿ ಮಗಳ ಕೆನ್ನೆ ಸವರಿದಳು. ತನ್ನ ಬೆರಳಿನ ಗುರುತಿನ ಮೇಲೆಯೇ ಮತ್ತೆ ಮತ್ತೆ ಸವರಿದಳು. ಆಮೇಲೆ ಟೀಚರ ಕಡೆ ತಿರುಗಿ ಕೇಳಿದಳು: "ಹಾಗಾದ್ರೆ ಇಷ್ಟು ದಿನ ಇವಳಿಗೆ ಏನು ಕಲಿಸಿದ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವಳಿಗೆ. ಟೀಚರು ಫಾರಂ ನೋಡಿದರು, ಬೋರ್ಡು ನೋಡಿದರು.

ತಾಯಿ ಮುಂದಿನ ಬೆಂಚನ್ನು ಬೋರ್ಡಿನ ಹತ್ತಿರಕ್ಕೆ ಎಳೆದಳು. ಮಗಳನ್ನು ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು.

"ಹೆಸರು ಹೊಡೆಯೋದು ಬೇಡ. ಈಗ ಶುರು ಮಾಡಿ. ದಿನಾ ಪಾಳಿ ಮುಗಿಸ್ಕೊಂಡು ಇಲ್ಲಿಗೇ ಬರ್ತೀನಿ. ನನಗೆ ಅಕ್ಷರ ಗೊತ್ತಾಗಲ್ಲ, ನಿಜ. ಆದ್ರೆ ಇವಳು ಬೋರ್ಡ್ ನೋಡ್ತಿದ್ದಾಳೋ, ನಿಮ್ಮ ಬಾಯಿ ನೋಡ್ತಿದ್ದಾಳೋ, ಅದು ಗೊತ್ತಾಗುತ್ತೆ."

ಟೀಚರು ಸೀಮೆಸುಣ್ಣ ಎತ್ತಿಕೊಂಡರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಬಂದುಹೋದ ಯಾವ ಇನ್‌ಸ್ಪೆಕ್ಟರಿಗೂ ಅವರು ಇಷ್ಟು ಹೆದರಿರಲಿಲ್ಲ.