ತಾಯಿಯ ಜಾಗಕ್ಕೆ

ಚೈನಿನ ಕೊಂಡಿ ಕೂಡಲಿಲ್ಲ. ಪದ್ಮವ್ವ ತಂಗಿಯ ಪಾದವನ್ನು ತೊಡೆಯ ಮೇಲೆ ಎತ್ತಿಕೊಂಡು ಮತ್ತೊಮ್ಮೆ ಎಳೆದು ನೋಡಿದಳು. ಮುತ್ತೈದೆಯಾಗಿ ಹೋದವಳಿಗೆ ಹಸಿರು ಸೀರೆ ಉಡಿಸಿ, ಬಳೆ ಇಟ್ಟು, ಕೈಕಾಲಿಗೆ ಅರಿಷಿಣ ಬಳಿದಾಗಿತ್ತು. ಮದುವೆಯಲ್ಲಿ ತೊಡಿಸಿದ ಬೆಳ್ಳಿ ಚೈನು ಮಾತ್ರ ಕಾಲನ್ನು ಸುತ್ತಿ ಬರಲೊಲ್ಲದು. ಬೆರಳು ಒತ್ತಿದಲ್ಲಿ ಕುಳಿ ಬಿದ್ದು ಹಾಗೇ ಉಳಿಯಿತು.

“ಬಿಡವ್ವಾ, ಹೆಣ ಬಾತಿರತೈತಿ,” ಎಂದಳು ಸತ್ತವಳ ಅತ್ತೆ ಲಗಮವ್ವ.

“ಹೆಣ ಬಾತದ್ದಲ್ಲ ಅತ್ತೀ. ಜೀವ ಇದ್ದಾಗಿನ ಬಾವು ಇದು. ಹಗಲು ರಾತ್ರಿ ನಿಂತು ನಿಂತು ಬಂದದ್ದು.”

ಸುತ್ತ ಕುಳಿತ ಹೆಂಗಸರು ಕಾಲು ನೋಡಲು ಮುಂದೆ ಬಾಗಿದರು.

ವೈಶಾಲಿ ಜಮಖಂಡಿಯ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಬುಧವಾರ ಮುಂಜಾನೆ ಪಾಳಿ ಮುಗಿಸಿ ಸ್ಕೂಟಿಯ ಮೇಲೆ ಊರಿಗೆ ಬರುವಾಗ, ಮುಧೋಳದ ಹಾದಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರಿಗೆ ಎದುರಿಗೇ ಹೋಗಿ ಬಿದ್ದಿದ್ದಳು. ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಮಾಳು ಈಗ ಠಾಣೆಯಲ್ಲಿದ್ದ. ಸುದ್ದಿ ಕೇಳಿ ತನ್ನೂರು ರನ್ನ ಬೆಳಗಲಿಯಿಂದ ಓಡಿಬಂದ ಪದ್ಮವ್ವನ ಕಾಲು ಹಿಡಿದು ಅವನು ಅತ್ತಿದ್ದ. “ಯವ್ವಾ, ನಾ ಹಾರ್ನ್ ಹೊಡದ್ಯಾ, ಲೈಟ್ ಹಾಕಿದ್ಯಾ. ಆಕಿ ಕಣ್ಣು ಮುಚ್ಚಿಕೊಂಡಽ ಬಂದ್ಲು.”

ತಂಗಿಯ ಗಂಡ ಮುತ್ತಣ್ಣ ಒಳಗೆ ಬಂದು ಪದ್ಮವ್ವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. ದನಿ ತಗ್ಗಿಸಿ ಹೇಳಿದ: “ಅಕ್ಕಾರ, ಆಸ್ಪತ್ರಿ ಡಾಕ್ಟರ್ ಸಾಹೇಬ್ರು ಮಣ್ಣಿಗೆ ಬರಾಕತ್ತಾರ. ನೀವು ಏನೂ ಅನಬ್ಯಾಡ್ರಿ. ಪ್ರತಿಮಾಗ ಆಕಿ ತಾಯಿ ಜಾಗಾ ಕೊಡತೇನಿ ಅಂದಾರ.”

ಮೊನ್ನೆ ಮೊನ್ನೆ ನರ್ಸಿಂಗ್ ಓದು ಮುಗಿಸಿದ ಪ್ರತಿಮಾ ತಾಯಿಯ ತಲೆಯ ಹತ್ತಿರ ಕುಳಿತಿದ್ದಳು. ಪದ್ಮವ್ವ ಅವಳನ್ನು ನೋಡಿದಳು, ಆಮೇಲೆ ಮುತ್ತಣ್ಣನನ್ನು.

“ಯಾವ ಜಾಗಾ? ಟ್ರ್ಯಾಕ್ಟರ್ ಗಾಲಿ ಕೆಳಗಿಂದ?”

ಠಾಣೆಯಲ್ಲಿ ಮುತ್ತಣ್ಣ ಏನು ಹೇಳಿ ಬಂದಿದ್ದಾನೆಂಬುದು ಪದ್ಮವ್ವನಿಗೆ ಗೊತ್ತಿತ್ತು. ಡಾಕ್ಟರು ಹೇಳಿಕೊಟ್ಟಂತೆಯೇ ಹೇಳಿದ್ದ. ಹೆಂಡತಿ ಮಂಗಳವಾರ ಹಗಲೆಲ್ಲ ಮನೆಯಲ್ಲಿ ಮಲಗಿ, ರಾತ್ರಿಯ ಒಂದು ಪಾಳಿಗಷ್ಟೇ ಹೋಗಿದ್ದಳಂತೆ. ತಪ್ಪೆಲ್ಲ ಮಾಳುವಿನದಂತೆ.

*

ಹೋದ ದೀಪಾವಳಿಗೆ ವೈಶಾಲಿ ಅಕ್ಕನ ಮನೆಗೆ ಬಂದಿದ್ದಳು. ಒಲೆಯ ಮೇಲೆ ಹಾಲಿಟ್ಟು, ನೋಡ್ತಿರು ಎಂದು ಹೇಳಿ ಪದ್ಮವ್ವ ಕುರಿಹಟ್ಟಿಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಹಾಲು ಉಕ್ಕಿ, ಕಟ್ಟೆಯಿಂದ ನೆಲಕ್ಕೆ ಹರಿಯುತ್ತಿತ್ತು. ವೈಶಾಲಿ ಅದರ ಮುಂದೆಯೇ ನಿಂತಿದ್ದಳು. ನೋಡುತ್ತಲೇ ಇದ್ದಳು.

“ಗ್ಯಾಸ್ ಬಂದ್ ಮಾಡವಾ!”

“ಹೂಂ,” ಎಂದಳು. ಕೈ ಮಾತ್ರ ಏಳಲಿಲ್ಲ.

ಪದ್ಮವ್ವನೇ ಒಲೆ ಆರಿಸಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದಳು. ಈ ಹುಡುಗಿ ನಕ್ಕರೆ ಓಣಿಯ ತುದಿಗೆ ಕೇಳುತ್ತಿತ್ತು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳ ಮೂಗು ಹೀಗಿತ್ತು, ಮುಷ್ಟಿ ಹಾಗಿತ್ತು ಎಂದು ಊಟಕ್ಕೆ ಕುಳಿತಾಗೆಲ್ಲ ಹೇಳುವವಳು. ಈಗ ತಟ್ಟೆಯ ಹೋಳಿಗೆ ಮುರಿದು, ಬಾಯಿಗೆ ಒಯ್ಯದೆ ಕುಳಿತಿದ್ದಳು.

“ಏನಾಗೈತಿ ನಿನಗ?”

“ಮನಸಿಗೆ ಏನೂ ಆಗವಲ್ದು. ಅದಽ ಆಗೇತಿ ಅಕ್ಕಾ. ಮೊದಲೆಲ್ಲಾ ಕೂಸು ಅತ್ರ ನಾ ಓಡಿ ಹೋಗಿ ಎತ್ತಿಕೋತಿದ್ದೆ. ಮೊನ್ನಿ ಒಂದು ಕೂಸು ಉಸಿರಾಡ್ಲಿಲ್ಲ. ತಾಯಿ ನನ್ನ ಸೆರಗು ಹಿಡಕೊಂಡು ಅಳಾಕತ್ತಿದ್ಲು. ಸೆರಗು ಬಿಟ್ರ ಸಾಕು, ಹೋಗಿ ಕುಂದರಬೇಕು ಅಂತ ಅನ್ಸಿತು. ಅಷ್ಟಽ ಅನ್ಸಿತು.” ಮುರಿದ ಹೋಳಿಗೆಯನ್ನು ತಟ್ಟೆಗೆ ಇಟ್ಟು ಕೇಳಿದಳು, “ನಾ ಕೆಟ್ಟಾಕಿ ಆಗೇನೇನು?”

ಗಂಡನ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಅರ್ಥ ಹಚ್ಚಿದ್ದರು. ಮಾತಾಡಿಸಿದರೆ ಸಿಡುಕುತ್ತಾಳೆ, ದುಡಿಯುವ ಸೊಕ್ಕು ಎಂದ ಮುತ್ತಣ್ಣ. ಗಾಳಿ ಸೋಕಿದೆ ಎಂದು ಲಗಮವ್ವ ಲಿಂಬೆಹಣ್ಣು ಇಳಿ ತೆಗೆದಳು. ರಜೆಯ ದಿನವೂ ನಸುಕಿಗೆ ಎಚ್ಚರವಾಗಿ, ಬಾರದ ಆಸ್ಪತ್ರೆಯ ಫೋನ್ ಬಂತೆಂದು ಎದ್ದು ಕುಳಿತು ಚಪ್ಪಲಿ ಹುಡುಕುತ್ತಿದ್ದವಳನ್ನು ಕಂಡವಳು ಪದ್ಮವ್ವ ಒಬ್ಬಳೇ. ಕುರಿ ಕಾಯುವ ಹೆಂಗಸಿಗೆ ಅದರ ಹೆಸರು ಗೊತ್ತಿರಲಿಲ್ಲ. ತಂಗಿ ಒಳಗಿನಿಂದ ಸವೆದು ಹೋಗುತ್ತಿದ್ದಾಳೆಂಬುದಷ್ಟು ತಿಳಿಯಿತು.

ಹಬ್ಬ ಮುಗಿದದ್ದೇ ಪದ್ಮವ್ವ ಬಸ್ಸು ಹತ್ತಿ ಜಮಖಂಡಿಗೆ ಹೋದಳು. ಆಸ್ಪತ್ರೆಯ ಮಾಲೀಕ ಡಾಕ್ಟರ್ ಜ್ಞಾನೇಶ್ವರ ಅವಳನ್ನು ಕೂರಿಸಲಿಲ್ಲ, ಮಾತು ಮಾತ್ರ ಮೆತ್ತಗಿತ್ತು.

“ದಣಿವು ಯಾರಿಗಿಲ್ಲವ್ವಾ? ನಾನೂ ದಣೀತೇನಿ. ತಾಕತ್ತಿನ ಗುಳಗಿ ಕೊಡತೇನಿ, ಒಯ್ದು ಕೊಡು.”

“ಗುಳಗಿ ಬ್ಯಾಡ್ರಿ ಸಾಹೇಬ್ರ. ಹದಿನೈದು ದಿನ ಸೂಟಿ ಕೊಡ್ರಿ. ಕೈ ಮುಗೀತೇನಿ.”

“ನೋಡೂಣು.”

ಅವರು ನೋಡಿದ ರೀತಿ ಮುಂದಿನ ವಾರವೇ ತಿಳಿಯಿತು. ಮನೆಯವರನ್ನು ಕಳಿಸಿ ರಜೆ ಕೇಳಿಸುತ್ತೀಯೇನು ಎಂದು ಎಲ್ಲರೆದುರು ಬೈದು, ವೈಶಾಲಿಗೆ ಹಗಲಿನ ಪಾಳಿಗೆ ರಾತ್ರಿಯದನ್ನೂ ಕಟ್ಟಿದ್ದರು. “ಅಕ್ಕಾ, ನೀ ಇನ್ನೊಮ್ಮೆ ಬರಬ್ಯಾಡ,” ಎಂದಷ್ಟೇ ತಂಗಿ ಫೋನಿನಲ್ಲಿ ಹೇಳಿದ್ದಳು. ಬಿಟ್ಟುಬಿಡು ಎಂದರೆ, ಪ್ರತಿಮಾಳ ಓದು ಮುಗಿಯಲಿ ಎನ್ನುತ್ತಿದ್ದಳು.

*

ಹೊಲದ ಬದುವಿನ ಬೇವಿನ ಮರದ ಹತ್ತಿರ ಕುಣಿ ತೆಗೆದಿದ್ದರು. ಹೆಣ ಇಳಿಸುವ ಹೊತ್ತಿಗೆ ಬಿಳಿ ಕಾರು ಬಂತು. ಡಾಕ್ಟರ ಹಿಂದೆ ಇಬ್ಬರು ನರ್ಸುಗಳು ಇಳಿದರು. ಬಿಳಿ ಬಟ್ಟೆಯಲ್ಲೇ ಇದ್ದರು. ಪಾಳಿಯ ನಡುವಿನಿಂದ ಎದ್ದು ಬಂದವರು. ಅವರಲ್ಲಿ ಪ್ರೀತಿ ಎಂಬವಳಿಗೆ ಕೆಲಸ ಕಲಿಸಿದವಳೇ ವೈಶಾಲಿ.

ಮಗಳು, ಗಂಡ, ಬಂಧುಗಳು ಸರದಿಯಂತೆ ಮಣ್ಣು ಕೊಟ್ಟರು. ಡಾಕ್ಟರೂ ಬಾಗಿ ಒಂದು ಹಿಡಿ ಎತ್ತಿಕೊಂಡು ದೊಡ್ಡ ದನಿಯಲ್ಲಿ ಹೇಳಿದರು: “ವೈಶಾಲಿ ನಮ್ಮ ಮನಿ ಮಗಳಿದ್ದಂಗ. ಪ್ರತಿಮಾನ್ನ ನಾವು ಕೈ ಬಿಡಂಗಿಲ್ಲ. ದಿನಕರ್ಮ ಮುಗಿದ ಕೂಡಲೇ ತಾಯಿ ಜಾಗಾಕ ಬರಲಿ.”

ಪದ್ಮವ್ವ ನಡುವೆ ಬಂದು ಅವರ ಮಣಿಕಟ್ಟು ಹಿಡಿದಳು. ಬೆಳಗಿನಿಂದ ಕಾದಿದ್ದ ಗಳಿಗೆ. ಚೀರಬೇಕು, ಅಂಗಿ ಹರಿಯಬೇಕು ಎಂದುಕೊಂಡಿದ್ದಳು. ಹಿಡಿದ ಮೇಲೆ ಅವಳೊಳಗೆ ಎಲ್ಲ ತಣ್ಣಗಾಯಿತು.

“ಆ ಮಣ್ಣು ಕೆಳಗ ಬಿಡ್ರಿ.”

“ಅಕ್ಕಾರ!” ಎಂದ ಮುತ್ತಣ್ಣ.

ಅವಳು ತಿರುಗಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಚೀಲ ಬಿಚ್ಚಿ ಅಂಗೈಯಲ್ಲಿ ಭಂಡಾರ ಸುರಿದುಕೊಂಡಳು. ಬೀರಪ್ಪನ ಗುಡಿಯ ಅರಿಷಿಣ. ಡಾಕ್ಟರ ಮನೆತನದವರೂ ಅದೇ ದೇವರಿಗೆ ನಡೆದುಕೊಳ್ಳುವವರು. ಆಸ್ಪತ್ರೆ ತೆರೆದ ದಿನ ಬಾಗಿಲಿಗೆ ಇದನ್ನೇ ಎರಚಿದ್ದರು.

“ಮಣ್ಣು ಬಿಟ್ಟು ಇದನ್ನ ಹಿಡೀರಿ. ಮಂಗಳವಾರ ನನ್ನ ತಂಗಿ ಮನಿಗೆ ಹೋಗಿ ಮಲಗಿದ್ಲು ಅಂತ ಭಂಡಾರ ಹಿಡದು ಹೇಳ್ರಿ. ನಾ ನಿಮ್ಮ ಕಾಲ ಬೀಳತೇನಿ. ಪ್ರತಿಮಾನ್ನ ನಾನಽ ಕರಕೊಂಡು ಬಂದು ಬಿಡತೇನಿ.”

ಡಾಕ್ಟರು ಸುತ್ತ ನೋಡಿದರು. ಊರೆಲ್ಲ ಅವರ ಕೈಯನ್ನೇ ನೋಡುತ್ತಿತ್ತು.

“ಇದೆಲ್ಲಾ... ನೋಡವ್ವಾ, ದುಃಖದಾಗ ಅದಿ ನೀ. ನಾ ಓದಿದಾಂವ, ಆಣಿ ಪ್ರಮಾಣ ನಾ ನಂಬಂಗಿಲ್ಲ.”

“ನಂಬಲಿಲ್ಲಂದ್ರ ಹೆದರಿಕಿ ಯಾತರದ? ಹಿಡೀರಲಾ.”

ಡಾಕ್ಟರ ಕೈಯಿಂದ ಮಣ್ಣು ಸುರಿದು ಹೋಯಿತು. ಖಾಲಿಯಾದ ಕೈ ಭಂಡಾರದ ಕಡೆಗೆ ಚಾಚಲಿಲ್ಲ. ಪ್ಯಾಂಟಿನ ಜೇಬಿಗೆ ಹೋಯಿತು.

ಪದ್ಮವ್ವ ಅದೇ ಅಂಗೈಯನ್ನು ಮುತ್ತಣ್ಣನ ಮುಂದೆ ಹಿಡಿದಳು. ಮುತ್ತಣ್ಣ ಅರಿಷಿಣ ಮುಟ್ಟಲು ಕೈ ಎತ್ತಿ ಹಿಂದೆಗೆದ. ಆಮೇಲೆ ಅವನು ಮಣ್ಣಿನ ರಾಶಿಯ ಮೇಲೆ ಕುಸಿದು ಕುಳಿತ.

“ಬಂದಿರಲಿಲ್ಲ. ಸೋಮವಾರ ಹೋದಾಕಿ ಮನಿಗೆ ಬಂದಽ ಇಲ್ಲ.”

“ನಾನೂ ಹೇಳತೇನ್ರಿ,” ಎಂದಳು ಪ್ರೀತಿ ಹಿಂದಿನಿಂದ. “ಬುಧವಾರ ನಸುಕಿನ್ಯಾಗ ಸಿಸ್ಟರ್ ಗಾಡಿ ಕೀಲಿ ಕೈಯಾಗ ಹಿಡಕೊಂಡು, ಕೀಲಿ ಎಲ್ಲೈತಿ ಅಂತ ನನ್ನ ಕೇಳಿದ್ರು. ಒಂದ್ ತಾಸು ಮಲಗಿ ಹೋಗ್ರಿ ಅಂದ್ಯಾ. ಸಾಹೇಬ್ರು, ವಾರ್ಡಿನ್ಯಾಗ ಮಲಗಬ್ಯಾಡ, ಮನಿಗೆ ಹೋಗು ಅಂದ್ರು.”

ಊರ ಹಿರಿಯ ಮುದಕಪ್ಪ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. “ಮುತ್ತಣ್ಣ, ಮಣ್ಣಾತಂದ್ರ ಠಾಣೇಕ ನಡಿ. ನೀನೂ ಬರಬೇಕವ್ವ ಪ್ರೀತಿ. ಇಲ್ಲಿ ಹೇಳಿದ್ದನ್ನಽ ಅಲ್ಲಿ ಹೇಳ್ರಿ. ಮಾಳು ಯಾಕ ಒಳಗ ಇರಬೇಕು?”

ಪ್ರತಿಮಾ ಬಂದು ದೊಡ್ಡವ್ವನ ಪಕ್ಕದಲ್ಲಿ ನಿಂತಳು. “ಆ ಜಾಗಾ ನನಗ ಬ್ಯಾಡ್ರಿ,” ಎಂದಳು. ಡಾಕ್ಟರ ಮುಖವನ್ನು ನೋಡಿಯೇ ಹೇಳಿದಳು.

ಡಾಕ್ಟರು ಸರಸರ ಕಾರಿನ ಕಡೆ ನಡೆದರು. ಬಾಗಿಲು ತೆರೆದು ಕೂಗಿದರು, “ನಡೀರಿ ಇಬ್ಬರೂ! ಹೆರಿಗಿ ಕೇಸ್ ಬಂದೈತಿ.”

“ನಿಮ್ಮ ಮನಿಯವ್ರೂ ಡಾಕ್ಟರ್ ಅದಾರಲ್ಲ,” ಎಂದಳು ಪದ್ಮವ್ವ. “ಗಂಡ ಹೆಂಡತಿ ಕೂಡಿ ಹೆರಿಗಿ ಮಾಡಸ್ರಿ. ಬಟ್ಟಿ ಬದಲಾಯಿಸ್ರಿ, ನೆತ್ತರಾ ಒರಸ್ರಿ, ಬೆಳಗಾಗೂ ತನಕ ನಿಂದರ್ರಿ. ನಾಳಿಗೂ ನಿಂದರ್ರಿ.”

ನರ್ಸುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರೀತಿ ಮೊದಲು ಕುಳಿತಳು, ಬೇವಿನ ಬುಡಕ್ಕೆ ಬೆನ್ನು ಕೊಟ್ಟು. ಇನ್ನೊಬ್ಬಳು ಅವಳ ಪಕ್ಕದಲ್ಲಿ ಕುಳಿತಳು.

ಕುಣಿ ತುಂಬಿ, ಮಣ್ಣು ಗುಪ್ಪೆಯಾಗಿ, ನೀರು ಚಿಮುಕಿಸಿ ಮುಗಿಸುವಷ್ಟರಲ್ಲಿ ಇಬ್ಬರೂ ನಿದ್ದೆ ಹೋಗಿದ್ದರು. ಸುತ್ತ ಅಳುತ್ತಿದ್ದ ಹೆಂಗಸರ ನಡುವೆ, ಎಲೆಗಳ ಸಂದಿನಿಂದ ಬೀಳುವ ನಡುಹಗಲ ಬಿಸಿಲಿನಲ್ಲಿ, ಒಬ್ಬಳ ಹೆಗಲಿಗೆ ಒಬ್ಬಳು ತಲೆಯಿಟ್ಟು, ಬಾಯಿ ತೆರೆದುಕೊಂಡು. ಎಬ್ಬಿಸಲು ಹೊರಟ ಲಗಮವ್ವನನ್ನು ಪದ್ಮವ್ವ ಕಣ್ಣಿನಲ್ಲೇ ತಡೆದಳು. ಹೆಗಲ ಮೇಲಿನ ಕರಿ ಕಂಬಳಿ ತೆಗೆದು ಎರಡು ಕೊಂಬೆಗಳ ನಡುವೆ ಹರವಿ ಅವರಿಗೆ ನೆರಳು ಮಾಡಿದಳು.

ಪ್ರೀತಿಯ ಮಡಿಲಲ್ಲಿ ಫೋನು ಗುಂಯ್‌ಗುಡತೊಡಗಿತು. ಪದ್ಮವ್ವ ಅದನ್ನು ಮೆಲ್ಲಗೆ ಎತ್ತಿ, ತನ್ನ ಸೀರೆಯ ಮಡಿಕೆಯೊಳಗೆ ಸುತ್ತಿ, ಹುಡುಗಿಯರಿಗೆ ಬೆನ್ನು ಮಾಡಿ ಇನ್ನೂ ನಿಂತಿದ್ದ ಕಾರಿನ ಕಡೆ ಮುಖ ಹಾಕಿ ಕುಳಿತಳು. ಬದುವಿನಾಚೆ ಹಾರ್ನ್ ಕೂಗಿತು. ಮತ್ತೆ ಕೂಗಿತು. ಪ್ರೀತಿ ನಿದ್ದೆಯಲ್ಲೇ ಕಾಲು ಚಾಚಿ, ಒಂದು ಚಪ್ಪಲಿಯನ್ನು ಒದ್ದು ಬಿಟ್ಟಳು.